ಮೂಗೋ, ಬಾಯೋ, ಕೈಯೋ, ಕಾಲೋ? ‘ಇಂಟರ್‌ಫಿಯರ್’ ಬರೆಯುವ ಮುಂಚೆ

ಶಿರಸಿಯಲ್ಲಿ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಅರ್ಜಿ, ತಕರಾರು, ಬಯೋಡಾಟಾ, ಬೆಂಗಳೂರಿನ ಕಂಪನಿಗೆ ಈಮೇಲ್, ಎಲ್ಲ ಬರುತ್ತದೆ. ಅಂಗಡಿ ಹಾಕಿದ ಮೊದಲ ವರ್ಷ ಒಬ್ಬರು ಅಜ್ಜ ಬಂದಿದ್ದರು. ತೋಟಕ್ಕೆ ಹೋಗುವ ದಾರಿಯ ಜಗಳ. ಪಕ್ಕದವರು ಬೇಲಿ ಹಾಕಿದ್ದಾರೆ, ಸಾಹೇಬರು ನಡುವೆ ಬಂದು ಬಗೆಹರಿಸಿಕೊಡಬೇಕು ಅಂತ ಅರ್ಜಿ. ಮೇಲಿನ ಕಚೇರಿಗೆ ಹೋಗುವುದು, ಇಂಗ್ಲಿಷ್‌ನಲ್ಲೇ ಇರಲಿ ಅಂದರು. ನಾನು ಹುರುಪಿನಲ್ಲಿ ಕುಟ್ಟಿದೆ: ‘ಕೈಂಡ್ಲಿ ಇಂಟರ್‌ಫಿಯರ್ ಇನ್ ದಿಸ್ ಮ್ಯಾಟರ್.’

ನಾಲ್ಕು ದಿನ ಬಿಟ್ಟು ಅಜ್ಜ ಅದೇ ಕಾಗದ ಹಿಡಿದು ವಾಪಸ್ ಬಂದರು. ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. ‘ಎಂತ ಬರದ್ಯೋ ತಮಾ? ಅಲ್ಲಿ ಎಲ್ಲ ನಗ್ಯಾಡಿದ’ ಅಂದರು. ನಾನು ಬರೆದದ್ದರ ಅರ್ಥ ಏನು ಗೊತ್ತಾ? ‘ದಯವಿಟ್ಟು ನಮ್ಮ ವಿಷಯದಲ್ಲಿ ಮೂಗು ತೂರಿಸಿ.’

ಈ ತಪ್ಪು ನಾನೊಬ್ಬನೇ ಮಾಡಿದ್ದಲ್ಲ. ಈಗಲೂ ವಾರಕ್ಕೊಂದು ಸಲ ಯಾರಾದರೂ ಬರೆದುಕೊಂಡು ಬರುವ ಕರಡಿನಲ್ಲಿ ಅದು ಇದ್ದೇ ಇರುತ್ತದೆ. ‘ನಡುವೆ ಬರುವುದು’ ಅನ್ನುವ ಒಂದು ಕನ್ನಡ ಮಾತಿಗೆ ಇಂಗ್ಲಿಷ್‌ನಲ್ಲಿ ಐದಾರು ಪದಗಳಿವೆ. ಯಾವುದನ್ನು ಎಲ್ಲಿ ಹಾಕಬೇಕು ಅಂತ ನಾನು ಕಂಡುಕೊಂಡ ದಾರಿ ಇಲ್ಲಿದೆ.

ಮೊದಲು: ಕರೆದಿದ್ದಾರೋ, ಇಲ್ಲವೋ?

ಪದ ಹುಡುಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ನಡುವೆ ಬಂದವರನ್ನು ನೀವು ಕರೆದಿದ್ದೀರಾ? ಅಥವಾ ಕರೆಯದಿದ್ದರೂ ಅವರು ಬಂದಿದ್ದರಿಂದ ಒಳ್ಳೆಯದಾಯಿತಾ? ಹಾಗಿದ್ದರೆ ಪದ ‘ಇಂಟರ್‌ವೀನ್’. ಕರೆದೂ ಇಲ್ಲ, ಬಂದದ್ದು ಇಷ್ಟವೂ ಆಗಲಿಲ್ಲ ಅಂದರೆ ಆಗ ‘ಇಂಟರ್‌ಫಿಯರ್’.

ಇಂಟರ್‌ವೀನ್ ಅನ್ನುವುದು ಲ್ಯಾಟಿನ್ ಮೂಲದ ಪದ. ಅದರ ಮೂಲ ಅರ್ಥವೇ ‘ನಡುವೆ ಬರುವುದು’. ಅದರಲ್ಲಿ ಬೈಗುಳ ಇಲ್ಲ. ಇಂಟರ್‌ಫಿಯರ್‌ನಲ್ಲಿ ಬಹಳ ಸಲ ಸಿಟ್ಟು ಇರುತ್ತದೆ, ಆ ಸಿಟ್ಟು ಹೇಳುವವರದ್ದು. ಅಂದರೆ ಕೆಲಸ ಒಂದೇ ಇದ್ದರೂ ಹೇಳುವ ಬಾಯಿ ಬದಲಾದರೆ ಪದವೂ ಬದಲಾಗುತ್ತದೆ.

ಇದನ್ನು ಹುಡುಗರಿಗೆ ಹೇಳಿಕೊಡುವಾಗ ನಾನು ಕೃಷ್ಣ ಸಂಧಾನದ ಉದಾಹರಣೆ ಕೊಡುತ್ತೇನೆ. ನಮ್ಮ ಕಡೆ ತಾಳಮದ್ದಲೆ ಕೇಳಿ ಬೆಳೆದವರಿಗೆ ಬೇರೆ ವಿವರಣೆ ಬೇಡ. ಪಾಂಡವರ ಪರವಾಗಿ ಕೃಷ್ಣ ಹಸ್ತಿನಾವತಿಗೆ ಹೋಗುತ್ತಾನೆ. ಆ ಸುದ್ದಿಯನ್ನು ಧರ್ಮರಾಯ ಇಂಗ್ಲಿಷ್‌ನಲ್ಲಿ ಬರೆದರೆ ‘ಕೃಷ್ಣ ಇಂಟರ್‌ವೀನ್ಡ್’ ಅನ್ನುತ್ತಾನೆ. ಕೌರವ ಬರೆದರೆ ‘ಕೃಷ್ಣ ಇಂಟರ್‌ಫಿಯರ್ಡ್ ಇನ್ ಅವರ್ ಫ್ಯಾಮಿಲಿ ಮ್ಯಾಟರ್’. ಕೃಷ್ಣ ಆಡಿದ್ದು ಅದೇ ಮಾತು, ಕೂತದ್ದು ಅದೇ ಸಭೆ.

ದೇಶಗಳೂ ಹೀಗೇ ಮಾತಾಡುತ್ತವೆ. 1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾ ಸಹಿ ಹಾಕಿದ ಒಪ್ಪಂದದಲ್ಲಿ ಪಂಚಶೀಲದ ಐದು ತತ್ವಗಳಿವೆ. ಮೂರನೆಯದು ‘ನಾನ್ ಇಂಟರ್‌ಫಿಯರೆನ್ಸ್’, ಅಂದರೆ ಒಬ್ಬರ ಒಳಗಿನ ವ್ಯವಹಾರದಲ್ಲಿ ಇನ್ನೊಬ್ಬರು ತಲೆ ಹಾಕಬಾರದು. ಬೇಡವಾದ ಕೈ ಅಂತ ಹೇಳಬೇಕಾಗಿತ್ತು, ಅದಕ್ಕೇ ಅಲ್ಲಿ ಇಂಟರ್‌ಫಿಯರೆನ್ಸ್ ಬಂತು.

ಹಾಗಾಗಿ ಅರ್ಜಿಯಲ್ಲಿ ಸಹಾಯ ಕೇಳುವಾಗ ಬರೆಯಬೇಕಾದದ್ದು ‘ವಿ ರಿಕ್ವೆಸ್ಟ್ ಯುವರ್ ಇಂಟರ್‌ವೆನ್ಶನ್ ಇನ್ ದಿಸ್ ಮ್ಯಾಟರ್’. ಅಜ್ಜನಿಗೂ ಆಮೇಲೆ ಹಾಗೇ ಟೈಪ್ ಮಾಡಿಕೊಟ್ಟೆ. ಎರಡನೇ ಸಲಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳುವ ಮುಖವೂ ನನಗೆ ಇರಲಿಲ್ಲ.

ಒಂದು ವಿನಾಯಿತಿ ಇದೆ, ಕೋರ್ಟು. ‘ಕೆಳ ನ್ಯಾಯಾಲಯದ ತೀರ್ಪಿನಲ್ಲಿ ಹಸ್ತಕ್ಷೇಪಕ್ಕೆ ಹೈಕೋರ್ಟ್ ನಿರಾಕರಣೆ’ ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅಲ್ಲಿ ಇಂಗ್ಲಿಷ್ ಮೂಲದಲ್ಲಿ ಸಾಮಾನ್ಯವಾಗಿ ಇಂಟರ್‌ಫಿಯರ್ ಅಂತಲೇ ಇರುತ್ತದೆ. ನಮ್ಮ ಜಿಲ್ಲೆಯ ಪ್ರಕರಣ ಧಾರವಾಡ ಪೀಠಕ್ಕೆ ಹೋದಾಗ ನ್ಯಾಯಾಧೀಶರು ಆ ಪದ ಬಳಸಿದರೆ ಅವರು ತಮ್ಮನ್ನು ತಾವೇ ಬೈದುಕೊಂಡರು ಅಂತ ಅಲ್ಲ. ಕಾನೂನಿನಲ್ಲಿ ಅದಕ್ಕೆ ‘ತೀರ್ಪನ್ನು ಮುಟ್ಟುವುದು, ಬದಲಿಸುವುದು’ ಅನ್ನುವಷ್ಟೇ ಅರ್ಥ. ಅಲ್ಲಿ ಓದಿಕೊಂಡು ನೀವು ನಿಮ್ಮ ಅರ್ಜಿಯಲ್ಲಿ ಹಾಕಬೇಡಿ.

ಆಮೇಲೆ: ಯಾವ ಅಂಗ?

ಕರೆಯದೇ ಬಂದವರು ಅಂತ ಖಾತ್ರಿಯಾಯಿತು. ಈಗ ಕನ್ನಡದಲ್ಲೇ ಯೋಚನೆ ಮಾಡಿ. ಅವರು ಹಾಕಿದ್ದು ಏನು? ಬಾಯಿಯೋ, ಕೈಯೋ, ಮೂಗೋ, ತಲೆಯೋ, ಕಾಲೋ? ನಮ್ಮ ಭಾಷೆ ಇದನ್ನು ಎಷ್ಟು ಚಂದ ವಿಂಗಡಿಸಿ ಇಟ್ಟಿದೆ ಅಂದರೆ, ಅಂಗ ಗೊತ್ತಾದರೆ ಇಂಗ್ಲಿಷ್ ಪದ ತಾನಾಗೇ ಸಿಗುತ್ತದೆ. ನಿಘಂಟಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಬಾಯಿ ಹಾಕಿದ್ದರೆ ‘ಇಂಟರಪ್ಟ್’. ನೀವು ಮಾತಾಡುತ್ತಿದ್ದಾಗ ನಡುವೆ ಮಾತು ತುಂಡು ಮಾಡಿದರು ಅಂತ. ‘ಡೋಂಟ್ ಇಂಟರ್‌ಫಿಯರ್ ವೆನ್ ಐ ಆಮ್ ಟಾಕಿಂಗ್’ ಅನ್ನುವುದನ್ನು ಜಾಸ್ತಿ ಕೇಳುತ್ತೇವೆ, ಅಲ್ಲಿ ಇರಬೇಕಾದದ್ದು ಇಂಟರಪ್ಟ್. ಇಬ್ಬರು ಮಾತಾಡುತ್ತಿದ್ದಾಗ ಮೂರನೆಯವರು ನುಗ್ಗಿದರೆ ‘ಬಟ್ ಇನ್’ ಅನ್ನುವ ಆಡುಮಾತು ಇದೆ. ಕಾಗದಪತ್ರದಲ್ಲಿ ಬೇಡ.

ಮೂಗು ತೂರಿಸಿದ್ದರೆ ಇಂಗ್ಲಿಷರೂ ಮೂಗನ್ನೇ ಹೇಳುತ್ತಾರೆ. ‘ನೋಸಿ’ ಅಂದರೆ ಬೇರೆಯವರ ವಿಷಯ ಕೆದಕಿ ತಿಳಿದುಕೊಳ್ಳುವ ಚಟದವರು. ಮದುವೆ ಮನೆಯಲ್ಲಿ ಬಾಳೆಲೆ ಮುಂದೆ ಕೂತಾಗ ಪಕ್ಕದಲ್ಲಿ ಕೂತವರು ‘ಮಾಣಿಗೆ (ಅಂದರೆ ಹುಡುಗನಿಗೆ) ಸಂಬಳ ಎಷ್ಟು? ಬೆಂಗಳೂರಲ್ಲಿ ಸ್ವಂತ ಮನೆಯೋ, ಬಾಡಿಗೆಯೋ?’ ಅಂತ ಕೇಳುತ್ತಾರಲ್ಲ, ಅದು ನೋಸಿ. ಅವರು ಏನನ್ನೂ ಕೆಡಿಸಲಿಲ್ಲ, ಬರೀ ಕೇಳಿದರು. ಹಾಗಾಗಿ ಅದು ಇಂಟರ್‌ಫಿಯರೆನ್ಸ್ ಅಲ್ಲ. ನನ್ನನ್ನು ಕೇಳಿದರೆ ನಮ್ಮೂರಿನಲ್ಲಿ ಅದಕ್ಕೆ ನೋಸಿ ಅನ್ನುವುದೂ ಸ್ವಲ್ಪ ಅನ್ಯಾಯವೇ. ಹಾಗೆ ಕೇಳಿದ ಅತ್ತೆಯೇ ಆಮೇಲೆ ಆ ಮಾಣಿಗೆ ಮದುವೆಗೆ ಒಂದು ಕೂಸು, ಅಂದರೆ ಹುಡುಗಿ, ಹುಡುಕಿಕೊಟ್ಟದ್ದೂ ಇದೆ.

ಕೈ ಹಾಕಿದ್ದರೆ ‘ಮೆಡ್ಲ್’. ಈ ಪದದ ಮೇಲೆ ನನಗೆ ವಿಶೇಷ ಪ್ರೀತಿ. ಅದರ ಮೂಲ ಅರ್ಥ ‘ಕಲಸುವುದು’. ಹಳೆಯ ಫ್ರೆಂಚ್ ದಾರಿಯಲ್ಲಿ ಲ್ಯಾಟಿನ್‌ನಿಂದ ಬಂದದ್ದು. ಆರ್ಕೆಸ್ಟ್ರಾದಲ್ಲಿ ನಾಲ್ಕೈದು ಹಾಡು ಕಲಸಿ ಹಾಡುತ್ತಾರಲ್ಲ, ‘ಮೆಡ್ಲಿ’, ಅದು ಇದೇ ಬಳ್ಳಿಯದು. ಕಾರವಾರದ ಕಡೆ ಮರಾಠಿ ತಿಳಿದವರಿಗೆ ಇನ್ನೂ ಸುಲಭ. ಮರಾಠಿಯಲ್ಲಿ ಬೇಡದ ಕಡೆ ಕೈ ಹಾಕುವುದಕ್ಕೆ ‘ಢವಳಾಢವಳ’ ಅನ್ನುತ್ತಾರೆ, ‘ಢವಳಣೆ’ ಅಂದರೆ ಕಲಕುವುದು. ಎಲ್ಲಿಯ ಫ್ರಾನ್ಸು, ಎಲ್ಲಿಯ ಕಾರವಾರ! ಎರಡು ಕಡೆಯವರಿಗೂ ಹೊಳೆದದ್ದು ಒಂದೇ ಚಿತ್ರ.

ನನಗೆ ಮೆಡ್ಲ್ ಅಂದರೆ ನೆನಪಾಗುವುದು ಬೋರ್ಡೋ ದ್ರಾವಣ ಕಲಸುವ ಡ್ರಮ್ಮು. ಮಳೆಗಾಲದ ಹೊಸ್ತಿಲಲ್ಲಿ ಅಡಿಕೆಗೆ ಕೊಳೆ ಮದ್ದು ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಬೇರೆ ಕರಗಿಸಬೇಕು, ಸುಣ್ಣ ಬೇರೆ ಕದಡಿ ಸೋಸಬೇಕು, ಆಮೇಲೆ ಎರಡನ್ನೂ ಕೂಡಿಸಬೇಕು. ಹದ ಬಂತೋ ಇಲ್ಲವೋ ನೋಡುವುದಕ್ಕೆ ಕಬ್ಬಿಣದ ಚೂರಿ ಅದ್ದುತ್ತೇವೆ. ಚೂರಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಕಡಿಮೆ ಅಂತ ಲೆಕ್ಕ. ಒಂದು ವರ್ಷ ಅಪ್ಪಯ್ಯ ಮನೆಯೊಳಗೆ ಹೋಗಿದ್ದರು, ಡ್ರಮ್ಮಿನ ಹತ್ತಿರ ನಾನೊಬ್ಬನೇ. ಮದ್ದು ಆಗಲೇ ತಿಳಿನೀಲಿ ಬಣ್ಣಕ್ಕೆ ಬಂದು ಹದವಾಗಿತ್ತು, ಚೂರಿ ಬೆಳ್ಳಗೇ ಇತ್ತು. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಮಾವ ಬಂದರು. ಡ್ರಮ್ಮಿನೊಳಗೆ ಬಗ್ಗಿದರು.

‘ಸುಣ್ಣ ಕಮ್ಮಿ ಆಜು ತಮಾ.’

‘ಚೂರಿ ಹಾಕಿ ನೋಡಿದ್ದಿ ಮಾವಾ, ಸರಿ ಇದ್ದು.’

‘ನಿಂಗೆ ಗೊತ್ತಾಗ್ತಿಲ್ಲೆ’ ಅಂದವರೇ ಚೀಲದಿಂದ ಎರಡು ಬೊಗಸೆ ಸುಣ್ಣ ತೆಗೆದು ಹಾಗೇ ಸುರಿದರು. ಸೋಸಲೂ ಇಲ್ಲ. ಕೋಲು ಹಾಕಿ ತಿರುವಿ, ಕೈ ಒರೆಸಿಕೊಂಡು ಹೊರಟೇ ಹೋದರು. ಅವತ್ತು ಮಧ್ಯಾಹ್ನದವರೆಗೆ ಸ್ಪ್ರೇ ನಾಝಲ್ ಕಟ್ಟಿಕೊಂಡದ್ದಕ್ಕೆ ಲೆಕ್ಕ ಇಲ್ಲ. ಮರ ಹತ್ತಿ ಮದ್ದು ಹೊಡೆಯುತ್ತಿದ್ದ ಕೊನೆಗೌಡ ಕೆಳಗಿದ್ದ ನನಗೆ ಬೈದ. ನಾನು ಯಾರಿಗೆ ಬೈಯಲಿ? ‘ಹಿ ಮೆಡ್ಲ್ಡ್ ವಿತ್ ದ ಮಿಕ್ಸ್ಚರ್’ ಅಂದರೆ ಇದೇ. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಮೆಡ್ಲ್‌ಗೆ ಕೆಟ್ಟ ಮನಸ್ಸು ಬೇಕಾಗಿಲ್ಲ. ಅಧಿಕಾರ ಇಲ್ಲದ ಕಡೆ ಕೈ ಹೋದರೆ ಸಾಕು.

ಕೈ ಹಾಕಿದ್ದರ ಹಿಂದೆ ಕೆಟ್ಟ ಮನಸ್ಸೂ ಇದ್ದರೆ ಪದ ಬದಲಾಗುತ್ತದೆ, ‘ಟ್ಯಾಂಪರ್’. ಕರೆಂಟ್ ಮೀಟರಿನ ಸೀಲ್ ಮುಟ್ಟುವುದು, ದಾಖಲೆ ತಿದ್ದುವುದು, ಸಾಕ್ಷಿಯನ್ನು ಕೆಡಿಸುವುದು. ಮಾವನ ಮೇಲೆ ಈ ಪದ ಹಾಕಿದರೆ ಅದು ದೂರು ಆಗಿಬಿಡುತ್ತದೆ. ನೋಡಿ ಬಳಸಿ.

ತಲೆ ಹಾಕಿದ್ದರೆ ‘ಇಂಟರ್‌ಫಿಯರ್ ಇನ್’. ಮನೆಯ ತೀರ್ಮಾನ, ಮಕ್ಕಳ ಓದು, ಅಣ್ಣತಮ್ಮಂದಿರ ಪಾಲು, ಇಂಥದರಲ್ಲಿ ಹೊರಗಿನವರು ಬಂದು ‘ಹೀಗೆ ಮಾಡಿ, ಹಾಗೆ ಮಾಡಿ’ ಅಂತ ನಿಂತರೆ ಇದು.

ಇನ್ನು ಕಾಲು. ಅಡ್ಡಗಾಲು ಹಾಕಿದ್ದರೆ ‘ಇಂಟರ್‌ಫಿಯರ್ ವಿತ್’. ಕೆಲಸ ನಡೆಯದ ಹಾಗೆ ಮಾಡುವುದು. ಇಂಟರ್‌ಫಿಯರ್ ಪದ ಹುಟ್ಟಿದ್ದೇ ಕಾಲಿನಿಂದ. ಹಳೆಯ ಫ್ರೆಂಚ್‌ನಲ್ಲಿ ‘ಒಂದಕ್ಕೊಂದು ಬಡಿಯುವುದು’ ಅನ್ನುವ ಮಾತದು. ಇಂಗ್ಲಿಷ್‌ಗೆ ಬಂದ ಹೊಸತರಲ್ಲಿ ಅದನ್ನು ಹೇಳುತ್ತಿದ್ದದ್ದು ಕುದುರೆಗೆ. ನಡೆಯುವಾಗ ಕುದುರೆಯ ಒಂದು ಕಾಲಿನ ಗೊರಸು ಇನ್ನೊಂದು ಕಾಲಿಗೆ ಬಡಿದರೆ, ಕುದುರೆ ‘ಇಂಟರ್‌ಫಿಯರ್’ ಮಾಡಿತು ಅನ್ನುತ್ತಿದ್ದರು. ಕುದುರೆ ಸಾಕುವವರು ಈಗಲೂ ಹಾಗೆ ಅನ್ನುತ್ತಾರೆ. ನಮ್ಮಲ್ಲಿ ಮಾರಿಕಾಂಬಾ ಜಾತ್ರೆಗೆ ಬರುವ ಮರದ ಕುದುರೆ ಬಿಟ್ಟರೆ ಬೇರೆ ಕುದುರೆ ನೋಡಿದವರು ಕಡಿಮೆ. ಆದರೂ ‘ಅಡ್ಡಗಾಲು’ ಅಂದ ಕೂಡಲೇ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಅಲ್ವಾ?

‘ಇನ್’ ಮತ್ತು ‘ವಿತ್’

ಮೇಲೆ ಎರಡು ಸಲ ಬಂತು, ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚಿನವರು ಮುಗ್ಗರಿಸುವ ಜಾಗ ಇದು.

‘ಇನ್’ ಬಂದರೆ ಒಳಗೆ ತಲೆ ಹಾಕಿದರು ಅಂತ. ‘ವಿತ್’ ಬಂದರೆ ಅಡ್ಡಿ ಮಾಡಿದರು ಅಂತ. ‘ಹಿ ಇಂಟರ್‌ಫಿಯರ್ಸ್ ಇನ್ ಮೈ ವರ್ಕ್’ ಅಂದರೆ ನನ್ನ ಕೆಲಸದಲ್ಲಿ ತಲೆ ಹಾಕುತ್ತಾನೆ. ‘ದ ನಾಯ್ಸ್ ಇಂಟರ್‌ಫಿಯರ್ಸ್ ವಿತ್ ಮೈ ವರ್ಕ್’ ಅಂದರೆ ಗಲಾಟೆಯಿಂದ ಕೆಲಸ ಆಗುತ್ತಿಲ್ಲ. ಗಲಾಟೆಗೆ ಮೂಗಿಲ್ಲ, ತಲೆಯಿಲ್ಲ. ಆದ್ದರಿಂದ ಮಳೆ, ಸದ್ದು, ಕರೆಂಟು, ಮೊಬೈಲು ಇಂಥ ವಸ್ತುಗಳು ಅಡ್ಡಿಯಾದರೆ ಕಣ್ಣುಮುಚ್ಚಿ ‘ವಿತ್’ ಹಾಕಿ.

ಜಮೀನಿನ ದಾವೆಯಲ್ಲೂ ‘ವಿತ್’. ನಿಮ್ಮ ತೋಟಕ್ಕೆ ಯಾರೋ ಬಂದು ತೊಂದರೆ ಕೊಡುತ್ತಿದ್ದರೆ ವಕೀಲರು ತಡೆಯಾಜ್ಞೆ ಕೇಳುತ್ತಾರೆ. ಶಾಶ್ವತ ತಡೆಯಾಜ್ಞೆಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 38ನೇ ಕಲಂ ಆಧಾರ. ಆ ದಾವೆಯಲ್ಲಿ ‘ಇಂಟರ್‌ಫಿಯರಿಂಗ್ ವಿತ್ ದ ಪೀಸ್‌ಫುಲ್ ಪೊಸೆಶನ್ ಅಂಡ್ ಎಂಜಾಯ್‌ಮೆಂಟ್’ ಅನ್ನುವ ಸಾಲು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅಂದರೆ ನೆಮ್ಮದಿಯಿಂದ ಇಟ್ಟುಕೊಂಡು ಅನುಭವಿಸುವುದಕ್ಕೆ ಅಡ್ಡಿ. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಆ ಕಾಲದ ಮರಾಠಿ ಗಾಳಿ ನಮ್ಮ ಕಾಗದಪತ್ರದ ಭಾಷೆಯಲ್ಲಿ ಇನ್ನೂ ಇದೆ. ಇಂಟರ್‌ಫಿಯರ್ ವಿತ್ ಅನ್ನುವ ಕಡೆ ಹಳಬರು ಸೊಗಸಾಗಿ ‘ಹರಕತ್ತು ಮಾಡುವುದು’ ಅನ್ನುತ್ತಿದ್ದರು. ‘ಹಸ್ತಕ್ಷೇಪ’ಕ್ಕಿಂತ ನನಗೆ ಅದೇ ಹಿಡಿಸುತ್ತದೆ. ಹಸ್ತಕ್ಷೇಪ ಅಂದರೆ ಕೈ ಹಾಕಿದ್ದು. ಹರಕತ್ತು ಅಂದರೆ ತಡೆದದ್ದು.

ಇಲ್ಲೊಂದು ಎಚ್ಚರಿಕೆ. ‘ವಿತ್’ ಆದಮೇಲೆ ಮನುಷ್ಯರನ್ನು, ಅದರಲ್ಲೂ ಮಕ್ಕಳನ್ನು ಹಾಕಬೇಡಿ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ‘ಮಗುವಿನ ಜೊತೆ ಇಂಟರ್‌ಫಿಯರ್’ ಅಂದರೆ ಲೈಂಗಿಕ ದೌರ್ಜನ್ಯ ಅಂತ ಓದಿಕೊಳ್ಳುತ್ತಾರೆ. ಇಲ್ಲಿಂದ ಇಂಗ್ಲೆಂಡಿಗೆ ಹೋದ ನರ್ಸ್ ಹುಡುಗಿಯರು, ಅಲ್ಲಿನ ಶಾಲೆಗೆ ಪತ್ರ ಬರೆಯುವ ತಾಯಂದಿರು ಇದನ್ನು ಮರೆಯಬಾರದು. ‘ಅವನು ನನ್ನ ಮಗನಿಗೆ ತೊಂದರೆ ಕೊಟ್ಟ’ ಅನ್ನಬೇಕಾದರೆ ‘ಬಾದರ್’ ಅಥವಾ ‘ಡಿಸ್ಟರ್ಬ್’ ಸಾಕು.

ಮೆಡ್ಲ್‌ಗೂ ಇದೇ ಜೋಡಿ. ವಿಷಯದಲ್ಲಾದರೆ ‘ಮೆಡ್ಲ್ ಇನ್’, ವಸ್ತುವಿಗೆ ಕೈ ಹಾಕಿದರೆ ‘ಮೆಡ್ಲ್ ವಿತ್’. ಇಂಟರ್‌ವೀನ್‌ಗೆ ಸಾಮಾನ್ಯವಾಗಿ ‘ಇನ್’.

ಇಂಟರ್‌ಫಿಯರೆನ್ಸ್ ಭೌತಶಾಸ್ತ್ರದಲ್ಲೂ ಬರುತ್ತದೆ. ಕಾರವಾರದ ಕಡಲತೀರದಲ್ಲಿ ನಿಂತು ನೋಡಿ. ಬಂಡೆಗೆ ಬಡಿದು ವಾಪಸ್ ಬರುವ ಅಲೆ, ಎದುರಿನಿಂದ ಬರುವ ಅಲೆ, ಎರಡೂ ಒಂದನ್ನೊಂದು ಹಾಯುತ್ತವೆ. ನೆತ್ತಿಗೆ ನೆತ್ತಿ ಸೇರಿದ ಕಡೆ ನೀರು ಇನ್ನೂ ಎತ್ತರಕ್ಕೆ ಏಳುತ್ತದೆ, ನೆತ್ತಿಗೆ ತಗ್ಗು ಸೇರಿದ ಕಡೆ ಚಪ್ಪಟೆ. ಇದೂ ಇಂಟರ್‌ಫಿಯರೆನ್ಸ್. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಇದಕ್ಕೆ ‘ವ್ಯತಿಕರಣ’ ಅಂತ ಬೇರೆಯೇ ಪದ ಇದೆ. ‘ಬೆಳಕಿನ ಹಸ್ತಕ್ಷೇಪ’ ಅಂತ ಬರೆದರೆ ಬೆಳಕು ಯಾರ ಮನೆಗೆ ನುಗ್ಗಿತು ಅಂತ ಮೇಷ್ಟ್ರು ಕೇಳುತ್ತಾರೆ.

ಎದುರಿಗೆ ಹೇಳುವುದು ಹೇಗೆ

ಪದ ಗೊತ್ತಾಯಿತು ಅಂತ ಮೇಲಿನವರಿಗೆ ‘ಡೋಂಟ್ ಇಂಟರ್‌ಫಿಯರ್’ ಅಂತ ಬರೆದುಬಿಡಬೇಡಿ. ಕನ್ನಡದಲ್ಲಿ ‘ನಿಮಗ್ಯಾಕೆ ಊರ ಉಸಾಬರಿ?’ ಅಂದಷ್ಟೇ ಒರಟು ಅದು. ‘ಮೈಂಡ್ ಯುವರ್ ಓನ್ ಬಿಸಿನೆಸ್’ ಅಂತೂ ಅದಕ್ಕಿಂತ ಒಂದು ಕೈ ಮೇಲೆ. ಕುಮಟಾ ಕಡೆಯ ಹುಡುಗನೊಬ್ಬ ತನ್ನ ಟೀಮ್ ಲೀಡರಿಗೆ ಕಳಿಸುವ ಈಮೇಲನ್ನು ನನ್ನ ಹತ್ತಿರ ತೋರಿಸಿದ್ದ. ‘ಯು ಆರ್ ಅನ್‌ನೆಸೆಸರಿಲಿ ಇಂಟರ್‌ಫಿಯರಿಂಗ್’ ಅಂತ ಇತ್ತು. ಕಳಿಸುವ ಮೊದಲು ಬಂದದ್ದು ಅವನ ಪುಣ್ಯ.

ಉಪಾಯ ಸರಳ. ಅವರು ಮಾಡಿದ್ದನ್ನು ಹೇಳಬೇಡಿ, ನಿಮಗೆ ಬೇಕಾದದ್ದನ್ನು ಹೇಳಿ. ‘ಥ್ಯಾಂಕ್ ಯು. ಐ ವುಡ್ ಪ್ರಿಫರ್ ಟು ಹ್ಯಾಂಡಲ್ ದಿಸ್ ಮೈಸೆಲ್ಫ್.’ ನಾನೇ ನೋಡಿಕೊಳ್ಳುತ್ತೇನೆ ಅಂತ. ಬೇಜಾರೂ ಇಲ್ಲ, ಮಾತೂ ಮುಟ್ಟುತ್ತದೆ. ಆ ಹುಡುಗ ಅದನ್ನೇ ಕಳಿಸಿದ.

ತಿರುಗಿಸಿ, ನೀವೇ ಬೇರೆಯವರ ವಿಷಯದಲ್ಲಿ ಮಾತಾಡಬೇಕಾಗಿ ಬಂದರೆ? ಆಗ ಈ ಪದ ನಿಮ್ಮ ಮೇಲೆ ನೀವೇ ಹಾಕಿಕೊಳ್ಳಿ. ‘ಐ ಡೋಂಟ್ ಮೀನ್ ಟು ಇಂಟರ್‌ಫಿಯರ್, ಬಟ್...’ ಅಂತ ಶುರು ಮಾಡಿದರೆ ತಲೆ ಹಾಕುತ್ತಿದ್ದೇನೆ ಅಂತ ಅಂದುಕೊಳ್ಳಬೇಡಿ ಅಂದ ಹಾಗೆ. ಬಾಗಿಲು ತಟ್ಟಿ ಒಳಗೆ ಹೋಗುವಾಗಿನ ಸಂಕೋಚಕ್ಕೆ ‘ಸಾರಿ ಟು ಇಂಟ್ರೂಡ್’. ಇಂಟ್ರೂಡ್ ಅಂದರೆ ಜಾಗಕ್ಕೆ ಅಥವಾ ಏಕಾಂತಕ್ಕೆ ನುಗ್ಗುವುದು. ಗದ್ದೆಗೆ ನುಗ್ಗಿದ ಹಂದಿಗೂ ನಡೆಯುತ್ತದೆ, ಆದರೆ ಹಂದಿ ಸಾರಿ ಅನ್ನುವುದಿಲ್ಲ.

ಊರಿನ ಎಲ್ಲರ ವಿಷಯವನ್ನೂ ಹೆಗಲ ಮೇಲೆ ಹೊತ್ತು ತಿರುಗುವವರಿಗೆ ‘ಬಿಸಿಬಾಡಿ’ ಅನ್ನುತ್ತಾರೆ. ‘ಬಿಸಿ’ ಅಂದರೆ ಕೆಲಸ ಜಾಸ್ತಿ ಅಂತ ತಿಳಿದು ಒಬ್ಬರು ತಮ್ಮ ಸಾಹೇಬರನ್ನು ಹೊಗಳಲು ಈ ಪದ ಬಳಸಲು ಹೊರಟಿದ್ದರು. ಊರ ಚಿಂತೆ ಮಾಡಿ ಮುಲ್ಲಾ ಸೊರಗಿದ ಅಂತ ಗಾದೆ ಇದೆಯಲ್ಲ, ಆ ಜಾತಿಯ ಪದ ಇದು ಅಂತ ಹೇಳಿ ತಪ್ಪಿಸಿದೆ.

ಕೊನೆಗೆ ಕಾಗುಣಿತ

ಇಂಟರ್‌ಫಿಯರ್ ಅನ್ನುವಾಗ ಒತ್ತು ಕೊನೆಯ ‘ಫಿಯರ್’ ಮೇಲೆ. ‘ಇಂಟರ್‌ಫೇರ್’ ಅಲ್ಲ. ಬರೆಯುವಾಗ ‘ರೆಫರ್ಡ್’ನಲ್ಲಿ ಎರಡು ಆರ್ ಇದೆ ಅಂತ ಇಲ್ಲೂ ಎರಡು ಹಾಕುತ್ತಾರೆ. ಬೇಡ. ಇಂಟರ್‌ಫಿಯರ್ಡ್, ಇಂಟರ್‌ಫಿಯರಿಂಗ್, ಎರಡರಲ್ಲೂ ‘ಎಫ್-ಇ’ ಆದಮೇಲೆ ಆರ್ ಒಂದೇ. ಇಂಟರ್‌ಫಿಯರೆನ್ಸ್‌ನ ಕೊನೆ ‘ಇ-ಎನ್-ಸಿ-ಇ’, ‘ಎ-ಎನ್-ಸಿ-ಇ’ ಅಲ್ಲ. ಇವು ತಪ್ಪಿದರೆ ಕಂಪ್ಯೂಟರ್ ಕೆಳಗೆ ಕೆಂಪು ಗೆರೆ ಎಳೆದು ತೋರಿಸುತ್ತದೆ.

ಮೆಡ್ಲ್ ಮಾತ್ರ ಮೋಸ ಮಾಡುತ್ತದೆ. ಕೊರಳಿಗೆ ಹಾಕುವ ಪದಕ ‘ಮೆಡಲ್’, ಕೈ ಹಾಕುವ ‘ಮೆಡ್ಲ್’, ಇಂಗ್ಲಿಷರ ಬಾಯಲ್ಲಿ ಎರಡರ ಉಚ್ಚಾರವೂ ಒಂದೇ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕೆಂಪು ಗೆರೆ ಬರುವ ಭರವಸೆ ಇಲ್ಲ, ಜೋರಾಗಿ ಓದಿದರೂ ಗೊತ್ತಾಗುವುದಿಲ್ಲ. ಅಕ್ಷರ ಎಣಿಸಬೇಕು. ಪದಕಕ್ಕೆ ಡಿ ಒಂದು, ಕೊನೆಗೆ ‘ಎ-ಎಲ್’. ಮಾವನಿಗೆ ಡಿ ಎರಡು, ಕೊನೆಗೆ ‘ಎಲ್-ಇ’.